ಅಮ್ಮನ ಮಂಡಿ ಆಪರೇಷನ್ ಆಗಿದೆ, ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ನಿಲ್ಲಿಸಬಹುದಾ?

ಹರಿಹರದವನು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಅಮ್ಮನಿಗೆ 67 ವರ್ಷ. ಹೋದ ವಾರ ಸೋಮವಾರ ದಾವಣಗೆರೆಯಲ್ಲಿ ಬಲಗಾಲಿನ ಮಂಡಿ ಬದಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೇ ದಿನವೇ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು, ಶುಕ್ರವಾರ ಮನೆಗೆ ಕಳಿಸಿದರು. ಕಳಿಸುವಾಗ ಎನಾಕ್ಸಪಾರಿನ್ 40 ಎಂಜಿ ಅಂತ ಔಷಧಿ ಮೊದಲೇ ತುಂಬಿರುವ ಸಿರಿಂಜ್‌ ಬರೆದುಕೊಟ್ಟು, ಒಟ್ಟು 14 ದಿನ ಆಗುವವರೆಗೆ ದಿನಕ್ಕೊಂದು ಹೊಟ್ಟೆಯ ಚರ್ಮಕ್ಕೆ ಕೊಡಿಸಿ ಅಂದರು. ಯಾಕೆ ಅಂದರೆ ರಕ್ತ ಹೆಪ್ಪುಗಟ್ಟಬಾರದು, ಅಷ್ಟೇ. ಹಿಂದೆ ಇನ್ನೂ ಹತ್ತು ಜನ ಕಾಯುತ್ತಿದ್ದರು, ನಾನೂ ಜಾಸ್ತಿ ಕೇಳಲಿಲ್ಲ.

ಪಕ್ಕದ ಬೀದಿಯಲ್ಲಿ ಒಬ್ಬರು ಸಿಸ್ಟರ್ ಇದ್ದಾರೆ, ಅವರೇ ಸಂಜೆ ಬಂದು ಕೊಡುತ್ತಾರೆ. ಈಗ ಅಮ್ಮನ ಹೊಟ್ಟೆ ನೋಡಿದರೆ ನೇರಳೆಹಣ್ಣು ಜಜ್ಜಿದ ಹಾಗೆ ಕಲೆ ಕಲೆ. ಅಮ್ಮ ಸೂಜಿ ಕಂಡರೆ ಅಳುತ್ತಾರೆ. ಚಿಕ್ಕಮ್ಮ ಬಂದವರು, ‘ಕಾಲಿಗೆ ಆಪರೇಷನ್ ಮಾಡಿ ಹೊಟ್ಟೆಗೆ ಯಾಕೆ ಚುಚ್ಚುತ್ತೀರಿ, ನಿಲ್ಲಿಸಿ, ಬಿಸಿ ಎಣ್ಣೆ ಹಚ್ಚಿ ಮೀನಖಂಡ ಚೆನ್ನಾಗಿ ತಿಕ್ಕಿದರೆ ರಕ್ತ ಓಡಾಡುತ್ತೆ’ ಅಂತ ಎಣ್ಣೆ ಬಾಟಲಿಯೇ ತಂದಿದ್ದಾರೆ. ಅಮ್ಮ ಹೃದಯಕ್ಕೆ ಅಂತ ಐದಾರು ವರ್ಷದಿಂದ ಎಕೋಸ್ಪ್ರಿನ್ 75 ತಗೊಳ್ಳುತ್ತಿದ್ದಾರೆ. ಅದೂ ರಕ್ತ ತೆಳು ಮಾಡೋ ಮಾತ್ರೆಯೇ ಅಲ್ವಾ, ಹಾಗಿದ್ದರೆ ಈ ಇಂಜೆಕ್ಷನ್ ಬೇಕೇ ಬೇಕಾ?

ಇನ್ನೊಂದು ವಿಷಯ. ಬಲಗಾಲು ಊದಿದೆ. ಮೊದಲಿಂದಲೂ ಸ್ವಲ್ಪ ಇತ್ತು, ಆದರೆ ನಿನ್ನೆಯಿಂದ ಜಾಸ್ತಿ ಆದ ಹಾಗೆ ಕಾಣುತ್ತದೆ. ಆಪರೇಷನ್ ಆದ ಕಾಲು ಊದುವುದು ಮಾಮೂಲು ಅಂತ ಎಲ್ಲರೂ ಹೇಳುತ್ತಾರೆ. ನಾವು ಅವರನ್ನು ಆದಷ್ಟು ಮಲಗಿಸಿಯೇ ಇಟ್ಟಿದ್ದೇವೆ, ಬಾತ್‌ರೂಮಿಗೆ ಮಾತ್ರ ಎಬ್ಬಿಸುತ್ತೇವೆ. ಮುಂದಿನ ಚೆಕಪ್ ಬರುವ ಸೋಮವಾರ ಇದೆ. ಅಲ್ಲಿಯವರೆಗೆ ಕಾಯಬಹುದಾ?

ಕೋಲಾರದ ಗುಂಡ:

ಬೇಜಾರು ಮಾಡ್ಕೋಬೇಡಿ, ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಇದೆಲ್ಲ ದುಡ್ಡು ಮಾಡುವ ದಾರಿ. ನಮ್ಮ ಮಾವನಿಗೆ 1998ರಲ್ಲಿ ತೊಡೆ ಮೂಳೆ ಮುರಿದು ಪ್ಲೇಟ್ ಹಾಕಿದರು, ಒಂದೂವರೆ ತಿಂಗಳು ಹಾಸಿಗೆಯಲ್ಲಿ ಇದ್ದರು, ಒಂದು ಇಂಜೆಕ್ಷನ್ ಕೊಡಲಿಲ್ಲ, ಇವತ್ತಿಗೂ ಹೊಲಕ್ಕೆ ಹೋಗುತ್ತಾರೆ. ರಕ್ತ ಹೆಪ್ಪುಗಟ್ಟುವುದು ಬೆಣ್ಣೆ ಮಾಂಸ ತಿನ್ನುವ ವಿದೇಶದವರ ಕಾಯಿಲೆ. ನಾವು ಬೆಳ್ಳುಳ್ಳಿ, ಶುಂಠಿ, ಅರಿಶಿನ ತಿನ್ನುವವರು, ನಮಗೆ ಅದೆಲ್ಲ ಬರಲ್ಲ. ಎಕೋಸ್ಪ್ರಿನ್ ಸಾಕು.

ಸಿಸ್ಟರ್ ಮಂಗಳೂರು:

ಹರಿಹರದವರೇ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಕಾಯಬೇಡಿ. ಇವತ್ತೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಊತ ಇರುವುದು ಮಾಮೂಲು ಹೌದು, ಮಂಡಿ ಆಪರೇಷನ್ ಆದ ಕಾಲು ವಾರಗಟ್ಟಲೆ ಊದಿರುತ್ತದೆ. ಆದರೆ ಇಳಿಯುತ್ತಿದ್ದದ್ದು ಅಥವಾ ಒಂದೇ ಹದದಲ್ಲಿ ಇದ್ದದ್ದು ಎಂಟು ಒಂಬತ್ತನೇ ದಿನಕ್ಕೆ ಏಕಾಏಕಿ ಏರಿದರೆ ಅದು ಬೇರೆ ಲೆಕ್ಕ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒಂದು ಟೇಪ್ ತಗೊಂಡು ಎರಡೂ ಕಾಲಿನ ಮೀನಖಂಡದ ಸುತ್ತಳತೆ ಒಂದೇ ಮಟ್ಟದಲ್ಲಿ ಅಳೆದು ಬರೆದಿಡಿ, ಡಾಕ್ಟರಿಗೆ ಹೇಳಲು ಬೇಕಾಗುತ್ತದೆ. ಮೀನಖಂಡ ಗಟ್ಟಿ ಆಗಿದೆಯಾ, ಬಿಸಿ ಇದೆಯಾ, ಮುಟ್ಟಿದರೆ ನೋವಾ, ಅದನ್ನೂ ನೋಡಿಕೊಳ್ಳಿ. ತಟಕ್ಕನೆ ಉಸಿರಾಟದ ತೊಂದರೆ, ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ, ತಲೆ ಸುತ್ತಿ ಬೀಳುವುದು, ಇದರಲ್ಲಿ ಯಾವುದೊಂದು ಕಂಡರೂ ಫೋನ್ ಗೀನ್ ಏನೂ ಬೇಡ, 108ಕ್ಕೆ ಕರೆ ಮಾಡಿ.

ಎಣ್ಣೆ ಹಚ್ಚಿ ತಿಕ್ಕುವುದು ಮಾತ್ರ ಬೇಡವೇ ಬೇಡ. ಒಳಗೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಇದ್ದರೆ ಅದನ್ನು ನೀವೇ ಕೈಯಾರೆ ಕಿತ್ತು ಮೇಲಕ್ಕೆ ಕಳಿಸಿದ ಹಾಗೆ ಆಗುತ್ತದೆ. ಚಿಕ್ಕಮ್ಮನ ಮೇಲೆ ಸಿಟ್ಟಾಗಬೇಡಿ, ನಮ್ಮ ವಾರ್ಡಿನಲ್ಲಿ ಪ್ರತಿ ಎರಡನೇ ಪೇಷಂಟಿಗೂ ಇಂಥ ಒಬ್ಬರು ಚಿಕ್ಕಮ್ಮ ಇರುತ್ತಾರೆ, ಅವರು ಪ್ರೀತಿಯಿಂದಲೇ ಹೇಳುವುದು. ಬೇಕಿದ್ದರೆ ಆ ಎಣ್ಣೆಯನ್ನು ತಲೆಗೆ ಹಚ್ಚಲಿ.

ಹೊಟ್ಟೆಯ ಕಲೆ ನೋಡಿ ಹೆದರಬೇಡಿ. ನಾನು ಮೂಳೆ ವಾರ್ಡಿನಲ್ಲಿ 14 ವರ್ಷ ಇದ್ದೇನೆ, ಕಲೆ ಬೀಳದ ಹೊಟ್ಟೆ ಕಡಿಮೆ. ಆದರೆ ಕೊಡುವ ರೀತಿಯಿಂದ ಕಲೆ ಕಮ್ಮಿ ಮಾಡಬಹುದು. ಹೊಕ್ಕಳಿನಿಂದ ಎರಡು ಇಂಚಾದರೂ ದೂರ ಇರಬೇಕು, ಒಂದು ದಿನ ಎಡಕ್ಕೆ, ಮಾರನೇ ದಿನ ಬಲಕ್ಕೆ. ಎರಡು ಬೆರಳಲ್ಲಿ ಚರ್ಮ ಮಡಿಸಿ ಹಿಡಿದು ಸೂಜಿಯನ್ನು ನೆಟ್ಟಗೆ ಇಳಿಸಬೇಕು, ಓರೆ ಬೇಡ. ನಿಧಾನವಾಗಿ ಒತ್ತಬೇಕು, ಸೂಜಿ ಹೊರಗೆ ಬರುವವರೆಗೆ ಮಡಿಕೆ ಬಿಡಬಾರದು. ಆಮೇಲೆ ಆ ಜಾಗ ಉಜ್ಜಲೇಬಾರದು. ನೂರಕ್ಕೆ ತೊಂಬತ್ತು ಜನ ಹತ್ತಿಯಲ್ಲಿ ಉಜ್ಜುತ್ತಾರೆ, ನೇರಳೆಹಣ್ಣು ಬರುವುದೇ ಅಲ್ಲಿಂದ. ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಇರುತ್ತದಲ್ಲ, 40ರ ಸಿರಿಂಜ್ ಪೂರ್ತಿ ಕೊಡುವಾಗ ಅದನ್ನು ಹೊರಗೆ ಹಾಕಬಾರದು. ಬೇರೆ ಇಂಜೆಕ್ಷನ್‌ಗಳಿಗೆ ಗುಳ್ಳೆ ತೆಗೆದು ಅಭ್ಯಾಸ ಆದವರು ಇಲ್ಲೂ ತೆಗೆಯುತ್ತಾರೆ, ಜೊತೆಗೆ ಒಂದೆರಡು ಹನಿ ಔಷಧಿಯೂ ಹೋಗುತ್ತದೆ.

ಗಾಬರಿ ಆಗಬೇಕಾದ ರಕ್ತಸ್ರಾವ ಬೇರೆ. ಗಾಯದ ಬ್ಯಾಂಡೇಜ್ ಒದ್ದೆ ಆಗುತ್ತಲೇ ಇರುವುದು, ಟಾರಿನ ಹಾಗೆ ಕಪ್ಪು ಮಲ, ನಿಲ್ಲದ ವಸಡಿನ ರಕ್ತ, ಬಿದ್ದು ತಲೆಗೆ ಪೆಟ್ಟು. ಇದರಲ್ಲಿ ಒಂದು ಆದರೂ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಇನ್ನು ಮಲಗಿಸಿಯೇ ಇಟ್ಟಿದ್ದೇವೆ ಅಂದಿರಲ್ಲ, ಓದಿ ಹೊಟ್ಟೆ ಚುರ್ರ್ ಅಂತು. ಹಾಸಿಗೆಯಲ್ಲೇ ಇದ್ದರೂ ಪಾದವನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಾ ಇರಬೇಕು. ನಾವು ವಾರ್ಡಿನಲ್ಲಿ ‘ಅಜ್ಜಿ, ಹೊಲಿಗೆ ಮಷೀನ್ ತುಳೀರಿ’ ಅನ್ನುತ್ತೇವೆ. ಆದರೆ ಈ ಊತ ಏನು ಅಂತ ಡಾಕ್ಟರ್ ನೋಡುವವರೆಗೆ ಹೊಸದಾಗಿ ಏನೂ ಶುರು ಮಾಡಬೇಡಿ, ಮೊದಲು ತೋರಿಸಿ.

ಮಲೆನಾಡ ಮಳೆ:

ಗುಂಡಣ್ಣ ಬರೆದದ್ದು ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮಪ್ಪ ಅಡಿಕೆ ತೋಟದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆರನೇ ದಿನ ಮನೆಗೆ ಬಂದರು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿದ್ದಾಗ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದರು, ಮನೆಗೆ ಕಳಿಸುವಾಗ ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಕ್ಯಾಲ್ಸಿಯಂ ಬರೆದರು, ಇದನ್ನು ಬರೆಯಲಿಲ್ಲ. ಮರೆತರೋ ಬೇಡ ಅನ್ನಿಸಿತೋ ಇವತ್ತಿಗೂ ಗೊತ್ತಿಲ್ಲ. ನಮಗೂ ಕೇಳಬೇಕು ಅಂತ ತಿಳಿಯಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಹಲ್ಲುಜ್ಜಲು ಎದ್ದವರು ‘ಯಾಕೋ ಉಸಿರು ಸಾಲ್ತಿಲ್ಲ’ ಅಂದರು. ಹಾಸಿಗೆ ಹಿಡಿದವರಿಗೆ ಸುಸ್ತು ಇದ್ದದ್ದೇ ಅಂತ ಕಾಫಿ ಕೊಟ್ಟೆವು. ಹತ್ತು ನಿಮಿಷಕ್ಕೆ ಮೈಯೆಲ್ಲಾ ಬೆವರು, ತುಟಿ ಬಣ್ಣ ಬದಲಾಯಿತು. ತೀರ್ಥಹಳ್ಳಿಗೆ, ಅಲ್ಲಿಂದ ಶಿವಮೊಗ್ಗಕ್ಕೆ. ದಾರಿಯಲ್ಲಿ ನಾನು ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದೆ. ಅಲ್ಲಿ ಸಿಟಿ ಸ್ಕ್ಯಾನ್ ಮಾಡಿ ತೋರಿಸಿದರು, ಎರಡೂ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಗಡ್ಡೆ. ಕಾಲಿನಲ್ಲಿ ಆಗಿದ್ದು ಅಲ್ಲಿಗೆ ಹೋಗಿ ಕೂತಿತ್ತು. ವಿಚಿತ್ರ ಅಂದರೆ ಕಾಲು ಊದಿರಲೇ ಇಲ್ಲ, ನೋವೂ ಇರಲಿಲ್ಲ. ಐಸಿಯುನಲ್ಲಿ ಐದು ದಿನ ಹೆಪಾರಿನ್, ಆಮೇಲೆ ಆರು ತಿಂಗಳು ರಕ್ತ ತೆಳು ಮಾಡುವ ಅಸಿಟ್ರೋಮ್ ಮಾತ್ರೆ, ಪದೇ ಪದೇ ರಕ್ತಪರೀಕ್ಷೆ. ಈಗ ಚೆನ್ನಾಗಿದ್ದಾರೆ, ತೋಟಕ್ಕೆ ಹೋಗಬೇಡಿ ಅಂದರೆ ಬೈಯುತ್ತಾರೆ.

ನಿಮ್ಮಮ್ಮನಿಗೆ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ ಅನ್ನುವುದೇ ನಿಮ್ಮ ಅದೃಷ್ಟ. ದಯವಿಟ್ಟು ನಿಲ್ಲಿಸಬೇಡಿ.

ಮಂಪರು ಡಾಕ್ಟರ್:

ನಾನು ಅರಿವಳಿಕೆ ವೈದ್ಯ, ದಿನಾ ಇಂಥ ಆಪರೇಷನ್‌ಗಳಿಗೆ ಬೆನ್ನಿಗೆ ಇಂಜೆಕ್ಷನ್ ಕೊಡುವವನು. ಸಿಸ್ಟರ್ ಮುಖ್ಯವಾದದ್ದನ್ನೆಲ್ಲ ಹೇಳಿದ್ದಾರೆ. ಯಾಕೆ ಅನ್ನುವುದನ್ನು ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಕಾರಣ ಗೊತ್ತಿಲ್ಲದ ಔಷಧಿಯನ್ನು ಮನೆಯವರು ನಿಲ್ಲಿಸುವುದು ಸಹಜ.

ನೀವು ಹರಿಹರದವರು, ಭದ್ರಾ ನಾಲೆ ನೋಡಿರುತ್ತೀರಿ. ನೀರು ಓಡುತ್ತಿದ್ದರೆ ಹೂಳು ಕೂರುವುದಿಲ್ಲ, ನಿಂತರೆ ಕೂರುತ್ತದೆ. ಕಾಲಿನ ರಕ್ತ ಮೇಲಕ್ಕೆ ಹೋಗಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ಮಲಗಿದರೆ ಆ ಪಂಪ್ ಬಂದ್. ಇದು ಒಂದು ಕಾರಣ. ಮೂಳೆ ಕೊಯ್ಯುವಾಗ ಸುತ್ತಲಿನ ರಕ್ತನಾಳಗಳಿಗೆ ಪೆಟ್ಟಾಗುತ್ತದೆ, ಅದು ಎರಡನೆಯದು. ಮೈಗೆ ಗಾಯ ಆದ ತಕ್ಷಣ ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ, ಅದು ಮೂರನೆಯದು. ಜರ್ಮನಿಯ ರುಡಾಲ್ಫ್ ವಿರ್ಕೋ 19ನೇ ಶತಮಾನದಲ್ಲಿ ಕಾಲಿನ ಗಡ್ಡೆ ಕಿತ್ತುಬಂದು ಶ್ವಾಸಕೋಶಕ್ಕೆ ಸಿಕ್ಕಿಕೊಳ್ಳುತ್ತದೆ ಅಂತ ತೋರಿಸಿದರು, ಈ ಮೂರು ಕಾರಣಗಳನ್ನೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಅವರು ಹುಟ್ಟಿದ ಅಕ್ಟೋಬರ್ 13 ಈಗ ವಿಶ್ವ ಥ್ರಂಬೋಸಿಸ್ (ಅಂದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು) ದಿನ. ಮಂಡಿ ಬದಲಿಸಿದವರಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ಅಪಾಯ ಅಳೆಯಲು ಕ್ಯಾಪ್ರಿನಿ ಅಂತ ಒಂದು ಅಂಕಪಟ್ಟಿ ಇದೆ. ಅದರಲ್ಲಿ ಕೀಲು ಬದಲಾವಣೆಗೇ 5 ಅಂಕ, 61ರಿಂದ 74 ವಯಸ್ಸಿಗೆ 2. ಅಲ್ಲಿಗೆ ನಿಮ್ಮಮ್ಮ 7, ಬೇರೇನೂ ಸೇರಿಸದೆ. 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಾಸ್ತಿ ಅಪಾಯ ಅಂತ ಲೆಕ್ಕ.

ಗುಂಡ ಅವರೇ, ‘ನಮ್ಮವರಿಗೆ ಬರಲ್ಲ’ ಅನ್ನುವುದನ್ನು ನಮ್ಮ ಕಡೆಯ ಡಾಕ್ಟರುಗಳೂ ಬಹಳ ವರ್ಷ ನಂಬಿದ್ದರು, ನಿಮ್ಮದೇನೂ ತಪ್ಪಿಲ್ಲ. ಆಮೇಲೆ ಏಷ್ಯಾದ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಸೊಂಟ, ಮಂಡಿ ಆಪರೇಷನ್ ಆಗಿ ತಡೆ ಔಷಧಿ ಪಡೆಯದವರ ಕಾಲಿನ ರಕ್ತನಾಳಗಳಿಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದು ನೋಡಿದರು. 2005ರಲ್ಲಿ ಪ್ರಕಟವಾಯಿತು. 41 ಶೇಕಡ ಜನರ ಕಾಲಿನಲ್ಲಿ ಗಡ್ಡೆ ಇತ್ತು. ಹೆಚ್ಚಿನವು ಸಣ್ಣವು, ತಾವಾಗಿಯೇ ಕರಗುವಂಥವು, ಹೊರಗೆ ಏನೂ ಕಾಣುವುದಿಲ್ಲ. ನಿಮ್ಮ ಮಾವನಿಗೂ ಆಗಿ ಹೋಗಿರಬಹುದು, ಯಾರು ನೋಡಿದರು? ಮಲೆನಾಡಿನವರ ತಂದೆಗೆ ಆದ ಹಾಗೆ ಕೆಲವರಲ್ಲಿ ಮಾತ್ರ ಅದು ಬೆಳೆದು, ಕಿತ್ತು, ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಹೋಗುತ್ತದೆ. ಆ ಕೆಲವರು ಯಾರು ಅಂತ ಮೊದಲೇ ಹೇಳಲು ಆಗುವುದಿಲ್ಲ, ಹಾಗಾಗಿ ಎಲ್ಲರಿಗೂ ತಡೆ.

ಇದರಲ್ಲಿ ಡಾಕ್ಟರುಗಳೂ ಹಿಂದೆ ಬಿದ್ದಿದ್ದಾರೆ ಅಂತ ಒಪ್ಪಿಕೊಳ್ಳಲೇಬೇಕು. 2008ರಲ್ಲಿ ಬಂದ ಎಂಡಾರ್ಸ್ ಅನ್ನುವ ದೊಡ್ಡ ಸಮೀಕ್ಷೆ 32 ದೇಶಗಳ 358 ಆಸ್ಪತ್ರೆಗಳಲ್ಲಿ ನಡೆಯಿತು, ಭಾರತವೂ ಇತ್ತು. ಅಪಾಯ ಇರುವ ಸರ್ಜರಿ ಪೇಷಂಟುಗಳಲ್ಲಿ ಸರಿಯಾದ ತಡೆ ಸಿಕ್ಕಿದ್ದು 58.5 ಶೇಕಡ ಜನರಿಗೆ ಮಾತ್ರ.

ಎಕೋಸ್ಪ್ರಿನ್ ವಿಷಯ. ಅದು ಆಸ್ಪಿರಿನ್. ಹೃದಯದ ರಕ್ತನಾಳದಲ್ಲಿ ಪ್ಲೇಟ್‌ಲೆಟ್ ಅಂಟಿಕೊಳ್ಳದ ಹಾಗೆ ತಡೆಯುತ್ತದೆ. ಕಾಲಿನ ಗಡ್ಡೆ ಹೆಚ್ಚಾಗಿ ಬೇರೆ ದಾರಿಯಲ್ಲಿ, ರಕ್ತದ ಫೈಬ್ರಿನ್ ಬಲೆ ಹೆಣೆದುಕೊಂಡು ಆಗುತ್ತದೆ, ಹೆಪಾರಿನ್ ಜಾತಿಯ ಔಷಧಿ (ನಿಮ್ಮಮ್ಮನ ಎನಾಕ್ಸಪಾರಿನ್ ಅದೇ ಜಾತಿ) ತಡೆಯುವುದು ಅದನ್ನು. ಆಸ್ಪಿರಿನ್ ಕೆಲಸಕ್ಕೇ ಬರಲ್ಲ ಅಂತಲೂ ಅಲ್ಲ, ಈ ವಾದ ನಮ್ಮಲ್ಲೇ ಮುಗಿದಿಲ್ಲ. 2022ರಲ್ಲಿ ಆಸ್ಟ್ರೇಲಿಯಾದಲ್ಲಿ ಸೊಂಟ, ಮಂಡಿ ಬದಲಿಸಿದವರಿಗೆ ಒಂದು ಗುಂಪಿಗೆ ಆಸ್ಪಿರಿನ್, ಇನ್ನೊಂದಕ್ಕೆ ಎನಾಕ್ಸಪಾರಿನ್ ಕೊಟ್ಟು 90 ದಿನ ನೋಡಿದರು. ತೊಂದರೆ ಕೊಟ್ಟ ಗಡ್ಡೆ ಆಸ್ಪಿರಿನ್ ಗುಂಪಿನಲ್ಲಿ 3.45 ಶೇಕಡ, ಎನಾಕ್ಸಪಾರಿನ್ ಗುಂಪಿನಲ್ಲಿ 1.82. ಮರುವರ್ಷ ಅಮೆರಿಕ, ಕೆನಡಾಗಳಲ್ಲಿ ಮೂಳೆ ಮುರಿದ 12,211 ಜನರ ಮೇಲೆ ಆದ ಅಧ್ಯಯನದಲ್ಲಿ ಸಾವಿನ ಲೆಕ್ಕದಲ್ಲಿ ಎರಡೂ ಸಮ ಬಂದವು, ಕಾಲಿನ ಗಡ್ಡೆ ಮಾತ್ರ ಆಸ್ಪಿರಿನ್‌ನಲ್ಲಿ ಸ್ವಲ್ಪ ಜಾಸ್ತಿ. ಹಾಗಾಗಿ ಕೆಲವು ಸರ್ಜನ್‌ಗಳು ಆಸ್ಪಿರಿನ್ ಬರೆಯುತ್ತಾರೆ, ಕೆಲವರು ಇಂಜೆಕ್ಷನ್, ಕೆಲವರು ಮೊದಲು ಇಂಜೆಕ್ಷನ್ ಆಮೇಲೆ ಮಾತ್ರೆ. ಅದನ್ನು ಬರೆದವರು ಬದಲಿಸಬೇಕೇ ಹೊರತು ನಾವು ನೀವು ಮನೆಯಲ್ಲಿ ಕೂತು ಬದಲಿಸುವುದಲ್ಲ. ಎರಡೂ ಒಟ್ಟಿಗೆ ಇದ್ದರೆ ರಕ್ತಸ್ರಾವದ ಅಪಾಯ ಸ್ವಲ್ಪ ಏರುತ್ತದೆ ಅನ್ನುವುದು ನಿಜ. ಎಕೋಸ್ಪ್ರಿನ್ ನಡೆಯುತ್ತಿರುವುದು ನಿಮ್ಮ ಸರ್ಜನ್‌ಗೆ ಗೊತ್ತಿದೆಯಾ ಅಂತ ಇವತ್ತೇ ಕೇಳಿ.

ಸೂಜಿ ಕಂಡರೆ ಅಳುವವರಿಗೆ ಮಾತ್ರೆಯ ದಾರಿಯೂ ಇದೆ. ರಿವರಾಕ್ಸಬಾನ್ 10 ಎಂಜಿ ದಿನಕ್ಕೊಂದು, ಇಲ್ಲ ಅಪಿಕ್ಸಬಾನ್ 2.5 ಎಂಜಿ ಎರಡು ಸಲ. ಮಂಡಿಗೆ ಸುಮಾರು 12 ದಿನ, ಸೊಂಟಕ್ಕೆ 35 ದಿನದವರೆಗೆ. ಕಿಡ್ನಿ ಹೇಗಿದೆ ಅಂತ ನೋಡಿ ಕೊಡಬೇಕು, ಎನಾಕ್ಸಪಾರಿನ್‌ಗೂ ಅದೇ ಮಾತು. ಸೊಂಟಕ್ಕೆ 35 ದಿನ ಯಾಕೆ ಅಂದರೆ ಗಡ್ಡೆ ಆಗುವುದು ಆಸ್ಪತ್ರೆಯಲ್ಲಿ ಇರುವಾಗ ಮಾತ್ರ ಅಲ್ಲ, ಮನೆಗೆ ಬಂದ ಮೇಲೆಯೂ ಬಹಳ ಆಗುತ್ತದೆ. ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದವರಿಗೂ ಇದೇ ಕಾರಣಕ್ಕೆ ನಾಲ್ಕು ವಾರ ಕೊಡುತ್ತಾರೆ.

ಒಂದು ಅಡ್ಡ ಮಾತು. ಹೆಪಾರಿನ್ ಅನ್ನು 1916ರಲ್ಲಿ ಅಮೆರಿಕದಲ್ಲಿ ಜೇ ಮೆಕ್ಲೀನ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಕಂಡದ್ದು. ಅವನು ಹುಡುಕುತ್ತಿದ್ದದ್ದು ರಕ್ತ ಹೆಪ್ಪುಗಟ್ಟಿಸುವ ವಸ್ತು, ಸಿಕ್ಕಿದ್ದು ಉಲ್ಟಾ. ಈಗ ಹೆಪಾರಿನ್ ಮಾಡುವುದು ಹಂದಿಯ ಕರುಳಿನ ಒಳಪದರದಿಂದ, ಎನಾಕ್ಸಪಾರಿನ್ ಕೂಡ ಅದರಿಂದಲೇ. ಇದನ್ನು ಪೇಷಂಟಿಗೆ ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ಹೇಳಬೇಕು. ಧರ್ಮದ ಕಾರಣಕ್ಕೋ ಊಟದ ಪದ್ಧತಿಯ ಕಾರಣಕ್ಕೋ ಬೇಡ ಅನ್ನುವವರಿಗೆ ಫೊಂಡಪಾರಿನಕ್ಸ್ ಅಂತ ಪ್ರಾಣಿಯಿಂದ ಬಾರದ ಇಂಜೆಕ್ಷನ್ ಇದೆ, ಮೇಲೆ ಹೇಳಿದ ಮಾತ್ರೆಗಳೂ ಇವೆ.

ಇವತ್ತು ಹೋದಾಗ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ, ಹೊಟ್ಟೆಗೆ ಮಾಡುವ ಅಲ್ಟ್ರಾಸೌಂಡ್ ಹಾಗೆಯೇ, ನೋವಿಲ್ಲ. ಗಡ್ಡೆ ಇದೆಯಾ ಅಂತ ಸುಳಿವು ಕೊಡುವ ಡಿ-ಡೈಮರ್ ಅನ್ನುವ ರಕ್ತಪರೀಕ್ಷೆ ಆಪರೇಷನ್ ಆದ ಹೊಸದರಲ್ಲಿ ಹೇಗೂ ಏರಿರುತ್ತದೆ, ಅದೊಂದನ್ನೇ ನೋಡಿ ಹೌದು ಅನ್ನಲು ಆಗಲ್ಲ.

ಶಿರಸಿ ಹೆಣ್ಣುಮಗಳು:

ವಿಷಯ ಸ್ವಲ್ಪ ಬೇರೆ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ‘ಆಪರೇಷನ್’ ಅಂದ ಕೂಡಲೇ ನಮಗೆ ಮಂಡಿ, ಸೊಂಟ ನೆನಪಾಗುತ್ತದೆ, ಸಿಸೇರಿಯನ್ ಕೂಡ ಆಪರೇಷನ್ನೇ ಅನ್ನುವುದು ಮರೆತುಹೋಗುತ್ತದೆ. ನನಗೆ ಸಿಸೇರಿಯನ್ ಆದಾಗ ಡಾಕ್ಟರಮ್ಮ ಅದೇ ಸಂಜೆ ಎದ್ದು ನಡೆಸಿದರು. ತವರಿಗೆ ಬಂದ ಮೇಲೆ ಬಾಣಂತನ ಶುರು. ಎದ್ದರೆ ಸೊಂಟ ಹೋಗುತ್ತದೆ, ನೀರು ಕುಡಿದರೆ ಹೊಟ್ಟೆ ಬರುತ್ತದೆ. ಹತ್ತು ದಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ, ದಿನಕ್ಕೆ ಎರಡು ಲೋಟ ಬಿಸಿನೀರು. ಎಡಗಾಲು ತೊಡೆಯವರೆಗೆ ಊದಿತು. ಡಾಪ್ಲರ್‌ನಲ್ಲಿ ಗಡ್ಡೆ. ಆಗ ಡಾಕ್ಟರಮ್ಮ ಹೇಳಿದ್ದು, ಹೆರಿಗೆ ಆಗಿ ಆರು ವಾರದವರೆಗೆ ಈ ಅಪಾಯ ಮಾಮೂಲಿಗಿಂತ ತುಂಬಾ ಜಾಸ್ತಿ ಇರುತ್ತದೆ, ಸಿಸೇರಿಯನ್ ಆದರೆ ಇನ್ನೂ ಜಾಸ್ತಿ ಅಂತ. ಮೂರು ತಿಂಗಳು ಇಂಜೆಕ್ಷನ್ ತಗೊಂಡೆ, ಹಾಲು ಕುಡಿಸಲು ಏನೂ ತೊಂದರೆ ಇರಲಿಲ್ಲ.

ಬಾಣಂತಿಯರಿಗೆ ಕೆಲವೊಮ್ಮೆ ಮೆದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟುತ್ತದಂತೆ, ಬಿಡದ ತಲೆನೋವು, ಫಿಟ್ಸ್ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನವರು ಇದರ ಬಗ್ಗೆ ಬಹಳ ಹಿಂದಿನಿಂದ ಕೆಲಸ ಮಾಡಿದ್ದಾರೆ. ನಮ್ಮ ಅಜ್ಜಿ ಅದನ್ನು ‘ಬಾಣಂತಿ ಸನ್ನಿ’ ಅಂತಲೇ ಕರೆಯುತ್ತಿದ್ದರೇನೋ. ಬಾಣಂತನದ ಕಷಾಯ, ಎಣ್ಣೆನೀರು ಎಲ್ಲಾ ನನಗೂ ಇಷ್ಟವೇ, ಆದರೆ ನೀರು ಕೊಡದೆ ಮಲಗಿಸುವುದು ಬೇಡ.

ಕೋಲಾರದ ಗುಂಡ:

ಡಾಕ್ಟ್ರೇ, 41 ಶೇಕಡದ ವಿಷಯ ಗೊತ್ತಿರಲಿಲ್ಲ, ಬೆಳ್ಳುಳ್ಳಿ ಮಾತು ವಾಪಸ್ ತಗೊಂಡೆ. ದುಡ್ಡಿನ ಮಾತು ಮಾತ್ರ ತಗೊಳ್ಳಲ್ಲ. ದಿನಗೂಲಿಯವರು ಹತ್ತು ಹದಿನಾಲ್ಕು ಸಿರಿಂಜ್ ಕೊಳ್ಳಬೇಕು ಅಂದರೆ ಸುಮ್ನೆ ಆಗುತ್ತಾ? ನಿಲ್ಲಿಸುವುದು ದಡ್ಡತನದಿಂದಲೇ ಅಲ್ಲ.

ಮಂಪರು ಡಾಕ್ಟರ್:

ಅದು ಸರಿಯಾದ ಮಾತು. ಎನಾಕ್ಸಪಾರಿನ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಹಾಗಾಗಿ ಬೆಲೆಗೆ ಸರ್ಕಾರದ ಮಿತಿ ಇದೆ. ಆದರೂ ಬ್ರ್ಯಾಂಡ್‌ಗಳ ನಡುವೆ ವ್ಯತ್ಯಾಸ ಇರುತ್ತದೆ. ಜನೌಷಧಿ ಅಂಗಡಿಯಲ್ಲಿ ಕೇಳಿ ನೋಡಿ. ಇಲ್ಲವೇ ‘ನನಗೆ ಇಷ್ಟು ಆಗಲ್ಲ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಆಗಲೇ ಮಾತ್ರೆಗೋ ಆಸ್ಪಿರಿನ್‌ಗೋ ಬದಲಿಸುವ ದಾರಿ ಹುಡುಕಬಹುದು. ನಾಚಿಕೆಗೆ ಹೇಳದೆ ಮನೆಯಲ್ಲಿ ಅರ್ಧಕ್ಕೆ ನಿಲ್ಲಿಸಿದರೆ ನಮಗೆ ಗೊತ್ತಾಗುವುದೇ ಇಲ್ಲ.

ಹರಿಹರದವನು:

ಎಲ್ಲರಿಗೂ ಕೈಮುಗಿದೆ. ನಿನ್ನೆ ಸಿಸ್ಟರ್ ಬರೆದದ್ದು ಓದಿದ ತಕ್ಷಣ ಟೇಪ್ ಹಿಡಿದೆ. ಬಲ ಮೀನಖಂಡ ಎಡಕ್ಕಿಂತ ನಾಲ್ಕು ಸೆಂಟಿಮೀಟರ್ ದಪ್ಪ. ರಾತ್ರಿ ಎಂಟಕ್ಕೇ ದಾವಣಗೆರೆಗೆ ಹೋದೆವು. ಡಾಪ್ಲರ್‌ನಲ್ಲಿ ಮಂಡಿ ಹಿಂದಿನ ದೊಡ್ಡ ರಕ್ತನಾಳದಲ್ಲಿ ಗಡ್ಡೆ ಇದೆ ಅಂದರು. ಉಸಿರಾಟ, ಆಕ್ಸಿಜನ್ ಎಲ್ಲಾ ಸರಿ ಇದೆ.

ಒಂದು ವಿಷಯ ಮೊದಲು ಹೇಳಿರಲಿಲ್ಲ, ನನಗೇ ಮುಖ್ಯ ಅನ್ನಿಸಿರಲಿಲ್ಲ. ಶನಿವಾರ, ಭಾನುವಾರ ಪಕ್ಕದ ಬೀದಿಯ ಸಿಸ್ಟರ್ ಯಾವುದೋ ಮದುವೆಗೆ ಅಂತ ರಾಣೆಬೆನ್ನೂರಿಗೆ ಹೋಗಿದ್ದರು, ಎರಡು ದಿನ ಇಂಜೆಕ್ಷನ್ ತಪ್ಪಿತ್ತು. ಎರಡು ದಿನಕ್ಕೆ ಏನಾಗುತ್ತೆ ಅಂತ ಬಿಟ್ಟೆವು. ಮೇಲೆ ಮಲಗಿಸಿಯೂ ಇಟ್ಟಿದ್ದೆವು. ರಾತ್ರಿಯೆಲ್ಲಾ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ರಾತ್ರಿ 60 ಎಂಜಿ ಇಂಜೆಕ್ಷನ್ ಕೊಟ್ಟರು, ಅಮ್ಮನ ತೂಕ 61 ಕೆಜಿ. ಕಿಡ್ನಿ ಪರೀಕ್ಷೆ ಮಾಡಿದರು, ಸರಿ ಇದೆ. ಇವತ್ತಿಂದ ಅಪಿಕ್ಸಬಾನ್, ಒಂದು ವಾರ 10 ಎಂಜಿ ಎರಡು ಸಲ, ಆಮೇಲೆ 5 ಎಂಜಿ ಎರಡು ಸಲ, ಮೂರು ತಿಂಗಳು. ಎಕೋಸ್ಪ್ರಿನ್ ಬಗ್ಗೆ ಹೃದಯದ ಡಾಕ್ಟರನ್ನು ಕೇಳಿ, ಸದ್ಯಕ್ಕೆ ನಿಲ್ಲಿಸಿ ಅಂದಿದ್ದಾರೆ. ಈಗ ನನ್ನ ಪ್ರಶ್ನೆ: ಗಡ್ಡೆ ಇದೆ ಅಂತ ಗೊತ್ತಾದ ಮೇಲೂ ನಡೆಸಿ ಅನ್ನುತ್ತಿದ್ದಾರೆ, ಕಿತ್ತುಕೊಂಡು ಹೋಗಲ್ವಾ? ಕರಗಿಸುವ ಔಷಧಿ ಯಾಕೆ ಕೊಡಲಿಲ್ಲ?

ಮಂಪರು ಡಾಕ್ಟರ್:

ತಪ್ಪಿದ ಎರಡು ಡೋಸಿನಿಂದಲೇ ಆಯಿತು ಅಂತ ಯಾರೂ ಆಣೆ ಮಾಡಿ ಹೇಳಲಾರರು. ಎಲ್ಲಾ ಸರಿಯಾಗಿ ಕೊಟ್ಟರೂ ಕೆಲವರಿಗೆ ಆಗುತ್ತದೆ, ತಡೆ ಔಷಧಿ ಅಪಾಯ ಕಮ್ಮಿ ಮಾಡುತ್ತದೆಯೇ ಹೊರತು ಸೊನ್ನೆ ಮಾಡುವುದಿಲ್ಲ. ಒಂಬತ್ತನೇ ದಿನಕ್ಕೆ ಕರೆದುಕೊಂಡು ಹೋದಿರಿ, ಸೋಮವಾರದವರೆಗೆ ಕಾಯಲಿಲ್ಲ, ಕೊರೆಯುವುದು ನಿಲ್ಲಿಸಿ.

ಈಗ ಕೊಡುವ ಮಾತ್ರೆ ಗಡ್ಡೆಯನ್ನು ನೇರವಾಗಿ ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ನಮ್ಮ ಮೈಯೇ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಡಿಕೊಳ್ಳುತ್ತದೆ. ನೇರವಾಗಿ ಕರಗಿಸುವ ಆಲ್ಟೆಪ್ಲೇಸ್, ಟೆನೆಕ್ಟೆಪ್ಲೇಸ್ ಇವೆ, ಆದರೆ ಅವು ಗಡ್ಡೆ ಯಾವುದು, ಆಪರೇಷನ್ ಗಾಯ ಮುಚ್ಚಿದ ಹೆಪ್ಪು ಯಾವುದು ಅಂತ ಭೇದ ಮಾಡುವುದಿಲ್ಲ. ಒಂಬತ್ತು ದಿನದ ಹಸಿ ಮಂಡಿ ಇಟ್ಟುಕೊಂಡು ಅದನ್ನು ಕೊಟ್ಟರೆ ರಕ್ತ ಸುರಿಯುತ್ತದೆ. ಶ್ವಾಸಕೋಶಕ್ಕೆ ದೊಡ್ಡ ಗಡ್ಡೆ ಹೋಗಿ ಬಿಪಿಯೇ ಬಿದ್ದು ಜೀವಕ್ಕೆ ಬಂದಾಗ ಮಾತ್ರ ಆ ಲೆಕ್ಕಾಚಾರ ಬೇರೆ. ರಕ್ತ ತೆಳು ಮಾಡುವ ಔಷಧಿಯನ್ನೇ ಕೊಡಲಾಗದಷ್ಟು ರಕ್ತಸ್ರಾವ ಇದ್ದವರಿಗೆ ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ಕೊಡೆಕಡ್ಡಿಯಂಥ ಫಿಲ್ಟರ್ ಹಾಕಿ, ಅಪಾಯ ಕಳೆದ ಮೇಲೆ ತೆಗೆಯುತ್ತಾರೆ. ನಿಮಗೆ ಇವೆರಡೂ ಬೇಡ.

ನಡೆಸುವ ಬಗ್ಗೆ ಹಿಂದೆ ನಾವೂ ಹೆದರಿ ವಾರಗಟ್ಟಲೆ ಮಲಗಿಸುತ್ತಿದ್ದೆವು. ಔಷಧಿ ಶುರುವಾದ ಮೇಲೆ ನಡೆಸಿದವರಲ್ಲಿ ಗಡ್ಡೆ ಜಾಸ್ತಿ ಕಿತ್ತುಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಬಿಟ್ಟೆವು. ನಿಮ್ಮ ಡಾಕ್ಟರ್ ಹೇಳಿದಷ್ಟು ನಡೆಸಿ. ತಿಕ್ಕುವುದು ಈಗಲೂ ಬೇಡ.

ಮೂರು ತಿಂಗಳು ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಮೆಡಿಕಲ್ ಶಾಪಿನಿಂದ ತಂದು ನುಂಗಿಸಬೇಡಿ, ನೋವಿದ್ದರೆ ಪ್ಯಾರಸಿಟಮಾಲ್. ಹಲ್ಲು ಕೀಳಿಸುವುದಿದ್ದರೆ ಮೊದಲೇ ಹೇಳಿ. ಮಾತ್ರೆ ಮುಗಿಯುವ ಮೂರು ದಿನ ಮೊದಲೇ ತಂದಿಟ್ಟುಕೊಳ್ಳಿ, ಒಂದು ಹೊತ್ತು ತಪ್ಪಿದರೂ ಇದರ ಪರಿಣಾಮ ಬೇಗ ಇಳಿಯುತ್ತದೆ.

ಮಲೆನಾಡ ಮಳೆ:

ಸೊಪ್ಪು ತಿನ್ನಬಹುದಾ ಡಾಕ್ಟ್ರೇ? ಅಪ್ಪನಿಗೆ ಅಸಿಟ್ರೋಮ್ ಇದ್ದಾಗ ಬಸಳೆ, ಪಾಲಕ್ ಇಷ್ಟಬಂದಂತೆ ತಿನ್ನಬೇಡಿ ಅಂತ ದಿನಾ ಕಾಯುವುದೇ ನನ್ನ ಕೆಲಸ ಆಗಿತ್ತು.

ಮಂಪರು ಡಾಕ್ಟರ್:

ಅಪಿಕ್ಸಬಾನ್‌ಗೆ ಸೊಪ್ಪಿನ ತಕರಾರಿಲ್ಲ. ಅಸಿಟ್ರೋಮ್, ವಾರ್ಫರಿನ್ ಎರಡೂ ವಿಟಮಿನ್ ಕೆಗೆ ಅಡ್ಡ ಬರುವಂಥವು, ಸೊಪ್ಪಿನಲ್ಲಿ ಅದು ಜಾಸ್ತಿ. ಅದಕ್ಕೇ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) 2ರಿಂದ 3ರ ನಡುವೆ ಇದೆಯಾ ಅಂತ ಪದೇ ಪದೇ ನೋಡುವುದು. ಅವರೂ ಸೊಪ್ಪು ಪೂರ್ತಿ ಬಿಡಬೇಕಿಲ್ಲ, ದಿನಾ ಒಂದೇ ಪ್ರಮಾಣ ಇದ್ದರೆ ಸಾಕು. ವಾರ್ಫರಿನ್ ಹುಟ್ಟಿದ ಕತೆ ಗೊತ್ತಾ? ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು, ವಿಸ್ಕಾನ್ಸಿನ್‌ನಲ್ಲಿ ಆ ಮೇವಿನ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡು ಹಿಡಿದು ಮಾಡಿದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು.

ಹರಿಹರದವನು:

ಇಲಿಪಾಷಾಣದ ಕತೆ ಚಿಕ್ಕಮ್ಮನಿಗೆ ಹೇಳುವುದಿಲ್ಲ, ಇನ್ನೊಂದು ರಾದ್ಧಾಂತ ಆಗುತ್ತದೆ. ಉಳಿದ ಆರು ಸಿರಿಂಜ್ ಏನು ಮಾಡಲಿ? ಬಳಸಿದ ಸೂಜಿಗಳು ಒಂದು ಡಬ್ಬಿಯಲ್ಲಿವೆ.

ಸಿಸ್ಟರ್ ಮಂಗಳೂರು:

ಸೀಲ್ ಒಡೆಯದವನ್ನು ಬಿಲ್ ಜೊತೆ ತಗೊಂಡು ಹೋಗಿ, ಕೆಲವು ಅಂಗಡಿಯವರು ವಾಪಸ್ ತಗೊಳ್ಳುತ್ತಾರೆ. ಬಳಸಿದ್ದನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ, ಮುಂದಿನ ಚೆಕಪ್‌ಗೆ ಹೋಗುವಾಗ ಆಸ್ಪತ್ರೆಯಲ್ಲಿ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.